ಬಾಲಂಗೋಚಿಯ ಸಿಟ್ಟು

ಅಭ್ಯಾಸದ ನೆಟ್ಸ್‌ನಲ್ಲಿ ಜೊಲಿಲೆ ಮದಿಕಾನೆಯ ಬ್ಯಾಟಿಂಗ್ ಸರದಿ ಬರುವ ಹೊತ್ತಿಗೆ ಬೌಲರ್‌ಗಳೆಲ್ಲ ಬೂಟು ಬಿಚ್ಚಿ, ಕಾಲು ಚಾಚಿ ಕೂತಿರುತ್ತಿದ್ದರು. ಬೆಳಗಿನಿಂದ ಅವನೇ ಓಡೋಡಿ ಬಂದು ಚೆಂಡೆಸೆದು ದೇಶದ ಬ್ಯಾಟ್ಸ್‌ಮನ್‌ಗಳ ಕೈ ಪಳಗಿಸಿರುತ್ತಿದ್ದ. ಅವನು ಪ್ಯಾಡ್ ಕಟ್ಟಿ ನಿಂತಾಗ ಎದುರಿಗೆ ಉಳಿದಿರುತ್ತಿದ್ದವನು ಆಕಳಿಸುವ ಸಹಾಯಕನೊಬ್ಬನೇ.

"ಒಂದ್ನಾಲ್ಕು ಹೊಡೆದು ಬಾ ಜೊಲ್, ಸಾಕು. ನಾಳೆ ನಿನ್ನ ಕಾಲು ಬೇಕು ನಮಗೆ" ಎನ್ನುತ್ತಿದ್ದ ಕೋಚ್ ಬ್ರೀಟ್.

ನಿನ್ನ ಕಾಲು, ನಿನ್ನ ಭುಜ, ನಿನ್ನ ಬೆನ್ನು. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವವರ ಮಾತು. ನಿನ್ನ ಕಣ್ಣು ಚುರುಕು, ನಿನ್ನ ತಲೆ ಓಡುತ್ತದೆ ಎಂದು ಆ ಮನುಷ್ಯ ಒಂದು ದಿನವೂ ಅಂದವನಲ್ಲ. ಜೊಲಿಲೆ ಹಲ್ಲು ಕಚ್ಚಿಕೊಂಡು ಪ್ಯಾಡ್ ಬಿಚ್ಚುತ್ತಿದ್ದ.

ಅವನ ಊರು ಆಲಿಸ್ ಪಟ್ಟಣದ ಮೇಲಿನ ಗುಡ್ಡಗಳಲ್ಲಿದೆ. ಅಲ್ಲಿನ ಖೋಸಾ ಜನರಿಗೆ ಕ್ರಿಕೆಟ್ ನಿನ್ನೆ ಮೊನ್ನೆ ಬಂದದ್ದಲ್ಲ, ಮುತ್ತಜ್ಜಂದಿರ ಕಾಲದಿಂದ ಮನೆಯ ಆಟ. ಅವನ ಅಜ್ಜ ಆ ಸೀಮೆಗೇ ಹೆಸರಾದ ಆರಂಭಿಕ ಆಟಗಾರ. ಕಪ್ಪು ಮನುಷ್ಯ ದೇಶದ ತಂಡದಲ್ಲಿ ಆಡಕೂಡದೆಂಬ ಕಾನೂನಿದ್ದ ಕಾಲ. ಊರ ಬಯಲಿನಲ್ಲೇ ಆಡಿ ಊರ ಮಣ್ಣಿಗೇ ಸೇರಿದ. ಚಿಕ್ಕಪ್ಪ ಫಿಕಿಲೆ ಊರ ತಂಡದ ನಾಯಕ. ಮೀಸೆ ಚಿಗುರದ ಜೊಲಿಲೆಯನ್ನು ಗಂಡಸರ ನಡುವೆ ನಾಲ್ಕನೆಯವನಾಗಿ ಇಳಿಸಿದವನು ಅವನೇ. ಅಕ್ಕ ನೊಮಲಿಜೊ ತಮ್ಮನಿಗಿಂತ ಚೆನ್ನಾಗಿ ಆಡುತ್ತಿದ್ದಳು. ಅದನ್ನು ಊರೇ ಹೇಳುತ್ತಿತ್ತು.

ಆಮೇಲೆ ಅವನಿಗೆ ವಿದ್ಯಾರ್ಥಿವೇತನ ಸಿಕ್ಕಿತು, ಪಟ್ಟಣದ ದೊಡ್ಡ ಶಾಲೆ ಸೇರಿದ. ಆಟದ ಮೇಷ್ಟ್ರು ಅವನ ಎತ್ತರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೈಗೆ ಹೊಸ ಚೆಂಡು ಕೊಟ್ಟರು.

"ಸರ್, ನಾನು ಬ್ಯಾಟ್ಸ್‌ಮನ್. ನಾಲ್ಕನೇ ನಂಬರು."

"ನಮ್ಮಲ್ಲಿ ಆಗಲೇ ಒಬ್ಬ ನಾಲ್ಕನೆಯವನು ಇದ್ದಾನಪ್ಪ. ಓಡಿ ಬಂದು ಎಸಿ, ನೋಡೋಣ."

ಓಡಿ ಬಂದು ಎಸೆದ. ಅಷ್ಟೇ, ಅಲ್ಲಿಗೆ ಮುಗಿಯಿತು. ಎಸೆಯುತ್ತಲೇ ಶಾಲೆ ಮುಗಿಸಿದ, ಎಸೆಯುತ್ತಲೇ ಪ್ರಾಂತ್ಯದ ತಂಡ ಸೇರಿದ, ಕೊನೆಗೆ ದೇಶದ ಹಸಿರು ಟೋಪಿಯೂ ತಲೆಗೆ ಬಂತು. ಬ್ಯಾಟಿಂಗ್‌ಗೆ ಹಾಕಿದ ಜಾಗ ಮಾತ್ರ ಒಂಬತ್ತು. ಚೆಂಡು ಅವನಿಗೆ ಅನ್ನ ಕೊಟ್ಟಿತು. ಅದನ್ನು ಹಳಿಯುವ ಕೃತಘ್ನ ಅವನಲ್ಲ. ಆದರೆ ಕಿತ್ತುಕೊಂಡದ್ದರ ಲೆಕ್ಕವನ್ನು ಅವನು ಮರೆಯಲಿಲ್ಲ.

ಡರ್ಬನ್ನಿನಲ್ಲಿ ಮೊದಲ ಸಲ ಟೆಸ್ಟ್ ಅರ್ಧಶತಕ ಹೊಡೆದ. ಸಂಜೆ ಹೋಟೆಲಿನ ಟಿವಿಯಲ್ಲಿ ತನ್ನದೇ ಆಟ ನೋಡುತ್ತ ಕೂತಿದ್ದ. ಮೊಣಕೈ ಎತ್ತಿ, ಮುಂಗಾಲಿಟ್ಟು ಕವರ್ಸ್ ಕಡೆಗೆ ತಳ್ಳಿದ ಹೊಡೆತ ಬಂತು. ಅದು ಅಜ್ಜನಿಂದ ಚಿಕ್ಕಪ್ಪನಿಗೆ, ಚಿಕ್ಕಪ್ಪನಿಂದ ಅವನಿಗೆ ಬಂದದ್ದು. ವೀಕ್ಷಕ ವಿವರಣೆಗಾರ ನಗುತ್ತ, "ಏನು ರಟ್ಟೆ ಬಲ ನೋಡಿ ಇವನದು! ಇದೆಲ್ಲ ಕಲಿತು ಬರೋದಲ್ಲ. ಬಾಲಂಗೋಚಿ ಇವತ್ತು ಬಾಲ ಆಡಿಸಿಬಿಟ್ಟಿದೆ!" ಎಂದ. ಜೊಲಿಲೆಯ ಕೈಯಲ್ಲಿದ್ದ ಚಹಾದ ಲೋಟ ಹೋಗಿ ಗೋಡೆಗೆ ಬಡಿಯಿತು.

ಅಂದಿನಿಂದ ಅವನು ಬಂದ ಚೆಂಡಿಗೆಲ್ಲ ಬೀಸತೊಡಗಿದ. ಬಲವೇ ಬೇಕೇನ್ರೋ, ತಗೊಳ್ಳಿ ಬಲ! ಸ್ಲಿಪ್ಪಿನಲ್ಲಿ ಕ್ಯಾಚ್, ಮಿಡ್‌ಆಫ್‌ನಲ್ಲಿ ಕ್ಯಾಚ್, ಸೊನ್ನೆಗೆ ಬೌಲ್ಡ್. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? "ಹೇಳಿರ್ಲಿಲ್ವಾ?" ಎಂಬಂತೆ ಬ್ರೀಟ್ ಮುಗುಳ್ನಗುತ್ತಿದ್ದ.

ಡಿಸೆಂಬರಿನಲ್ಲಿ ಊರಿಗೆ ಬಂದ. ಅಲ್ಲಿ ಅದು ಬೇಸಿಗೆ. ನೊಮಲಿಜೊ ಈಗ ಆಲಿಸ್‌ನ ಆಸ್ಪತ್ರೆಯಲ್ಲಿ ನರ್ಸ್. ಕೆಲಸ ಮುಗಿಸಿ ಬಂದವಳು, ಸಮವಸ್ತ್ರದಲ್ಲೇ ಊರ ಬಯಲಿಗೆ ನಡೆದು, ದನಗಳನ್ನು ಅಟ್ಟಿ, ತಮ್ಮನಿಗೆ ಹತ್ತಿರದಿಂದ ಚೆಂಡೆಸೆದಳು. ಅವನು ಒಂದರ ಹಿಂದೊಂದನ್ನು ಬೇಲಿಯಾಚೆ ಬಾರಿಸಿದ.

"ಯಾರಿಗೆ ಹೊಡೀತಿದ್ದೀಯ?" ಎಂದಳು ಅಕ್ಕ.

"ಚೆಂಡಿಗೆ."

"ಸುಳ್ಳು. ಬ್ರೀಟ್‌ಗೆ ಹೊಡೀತಿದ್ದೀಯ. ಅವನು ಎಲ್ಲೋ ಮಾಂಸ ಸುಟ್ಕೊಂಡು ಬಿಯರ್ ಕುಡೀತಾ ಕೂತಿರ್ತಾನೆ. ಈ ಚೆಂಡು ಪಾಪ ಏನ್ಮಾಡ್ತು ನಿಂಗೆ?"

"ನಿಂಗೇನು ಗೊತ್ತು ಅಕ್ಕ! ಕೈಗೆ ಚೆಂಡು ತುರುಕಿ ನನ್ನ ಬ್ಯಾಟ್ ಕಿತ್ಕೊಂಡ್ರು. ಒಂಬತ್ತನೇ ನಂಬರು ಅಂದ್ರೆ ಹೊಟ್ಟೆಗೆ ಹೇಗಾಗತ್ತೆ ಅಂತ ಗೊತ್ತಾ ನಿಂಗೆ?"

ನೊಮಲಿಜೊ ಪಿಚ್ಚಿನುದ್ದಕ್ಕೂ ನಡೆದು ಬಂದು ಅವನ ಮುಖದೆದುರು ನಿಂತಳು.

"ನಿನ್ನ ಕೈಗೆ ಚೆಂಡಾದ್ರೂ ತುರುಕಿದ್ರು. ನನ್ನ ಕೈಗೆ ಏನು ತುರುಕಿದ್ರು ಹೇಳು? ಬೆಡ್‌ಪ್ಯಾನು! ಪ್ರಾಂತ್ಯದ ಹುಡುಗಿಯರ ತಂಡದಲ್ಲಿ ನನಗಿಂತ ರನ್ ಹೊಡೆದವಳು ಇರ್ಲಿಲ್ಲ. ಆಮೇಲೊಂದಿನ ಬಸ್ಸಿಲ್ಲ ಅಂದ್ರು. ಬಸ್ಸಿಲ್ಲ ಅಂತ ತಂಡವನ್ನೇ ಮುಚ್ಚಿದ್ರು ಕಣೋ! ನಾನತ್ತಿದ್ದು ನೋಡಿದ್ದೀಯಾ?"

"ಇಲ್ಲ" ಎಂದ ಜೊಲಿಲೆ.

"ಎಲ್ಲಿಂದ ನೋಡ್ತೀಯ, ದೊಡ್ಡ ಸ್ಕೂಲಲ್ಲಿ ಬೆಣ್ಣೆ ಬ್ರೆಡ್ ತಿನ್ತಾ ಇದ್ದೆ. ನಿಲ್ಲು ಅಲ್ಲಿ. ಆಫ್ ಸ್ಟಂಪಿನ ಹೊರಗಿಂದನ್ನೆಲ್ಲ ಬಿಡಬೇಕು. ಒಂದೇ ಒಂದು ಮುಟ್ಟಿದ್ರೂ ನಾನು ಮನೆಗೆ ಹೋಗ್ತೀನಿ."

ಮೊದಲನೆಯದನ್ನೇ ಮುಟ್ಟಿದ. ಅವಳು ಚೆಂಡನ್ನು ಅಲ್ಲೇ ಬಿಸಾಕಿ ಮನೆಗೆ ಹೊರಟೇಹೋದಳು.

ಮರುದಿನ ಮತ್ತೆ ಬಂದಳು. ರಜೆಯುದ್ದಕ್ಕೂ ಅದೇ ನಡೆಯಿತು. ಅವಳಿಗೆ ಡ್ಯೂಟಿ ಇದ್ದ ದಿನ ಚಿಕ್ಕಪ್ಪ ಎಸೆಯುತ್ತಿದ್ದ. ಬೇಲಿಯ ಮೇಲೆ ಕೂತವರು, "ಭೇಲೆ ಕುಲದ ಹುಲಿ ನೋಡ್ರೋ, ಚೆಂಡು ಕಂಡ್ರೆ ಎರಡೂ ಕೈ ಎತ್ತಿ ಶರಣು ಅಂತದೆ!" ಎಂದು ಹಂಗಿಸಿದರು. ಜೊಲಿಲೆಗೆ ಮೈಯೆಲ್ಲ ಉರಿಯುತ್ತಿತ್ತು. ಹೊಡೆದರೆ ಸಿಟ್ಟು ಬ್ಯಾಟಿನಿಂದ ಹರಿದುಹೋಗುತ್ತದೆ. ಬಿಟ್ಟರೆ ಒಳಗೇ ಉಳಿಯುತ್ತದೆ. ಅದನ್ನು ಹೊತ್ತುಕೊಂಡೇ ಮುಂದಿನ ಚೆಂಡಿಗೆ ನಿಲ್ಲಬೇಕು. ಆ ಹೊರೆ ಹೊರುವುದನ್ನು ಅವನು ಆ ಬೇಸಿಗೆಯಲ್ಲಿ ಕಲಿತ.

ಮುಂದಿನ ಟೆಸ್ಟ್ ಪೋರ್ಟ್ ಎಲಿಜಬೆತ್‌ನಲ್ಲಿ. ಎರಡನೇ ದಿನದ ಕೊನೆಗೆ, ಬೆಳಕು ಮಬ್ಬಾಗುವ ಹೊತ್ತಿಗೆ ಎರಡನೇ ವಿಕೆಟ್ ಬಿತ್ತು. ನಾಲ್ಕನೆಯವನಾದ ರಯಾನ್ ಹೆಲ್ಮೆಟ್ ಎತ್ತಿಕೊಂಡದ್ದೇ ಬ್ರೀಟ್ ಅವನನ್ನು ತಡೆದ. "ನೀನು ಕೂತ್ಕೋ. ಜೊಲ್, ಪ್ಯಾಡ್ ಕಟ್ಟು. ನೈಟ್ ವಾಚ್‌ಮನ್ ನೀನು."

ಬೆಲೆಯುಳ್ಳ ಬ್ಯಾಟ್ಸ್‌ಮನ್ ಕತ್ತಲಲ್ಲಿ ಔಟಾಗಬಾರದೆಂದು ಬೆಲೆಯಿಲ್ಲದ ಬೌಲರನ್ನು ಮುಂದೆ ದೂಡುವುದಕ್ಕೆ ಆಟದಲ್ಲಿ ಆ ಹೆಸರು. ಜೊಲಿಲೆಗೆ ಆ ಪದ ಕಪಾಳಕ್ಕೆ ಬಿದ್ದಂತಾಯಿತು. ಅವನ ಅಪ್ಪ ಇದೇ ಊರಿನ ಬಂದರಿನ ಹಿಂದಿನ ಗೋದಾಮೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದ. ಕ್ರಿಸ್ಮಸ್ಸಿಗೆ ಮಾತ್ರ ಮನೆಗೆ ಬರುತ್ತಿದ್ದ. ಒಂದು ಚಳಿಗಾಲ, ಕಾವಲು ಗೂಡಿನಲ್ಲಿ ಇದ್ದಲು ಹಚ್ಚಿಕೊಂಡು ಕೂತವನು ಹೊಗೆಗೆ ಉಸಿರುಗಟ್ಟಿ ಸತ್ತ. ಯಜಮಾನರು ಹೆಣ ಕಳಿಸುವಾಗ ಮೈಮೇಲಿನ ಕೋಟು ಬಿಚ್ಚಿಟ್ಟುಕೊಂಡಿದ್ದರು. ಕೋಟು ಗೋದಾಮಿನದಂತೆ.

"ಆ ಹೆಸರಿಂದ ನನ್ನ ಕರೀಬೇಡಿ" ಎಂದ ಜೊಲಿಲೆ.

"ಏನು?"

"ಯಾರದೋ ಮಾಲು ಕಾಯೋಕೆ ಹೋಗ್ತಿಲ್ಲ ನಾನು. ಬ್ಯಾಟ್ ಮಾಡೋಕೆ ಹೋಗ್ತಿದ್ದೀನಿ."

"ಏನು ಬೇಕಾದ್ರೂ ಮಾಡು ಮಾರಾಯ, ಬೇಗ ಹೋಗು. ಅಂಪೈರ್ ಗಡಿಯಾರ ನೋಡ್ತಿದಾನೆ."

ಆ ಸಂಜೆ ಅವನು ಔಟಾಗಲಿಲ್ಲ. ಬೆಳಿಗ್ಗೆ ಬ್ರೀಟ್ ಹೆಗಲ ಮೇಲೆ ಕೈಯಿಟ್ಟ. "ನಿನ್ನ ಕೆಲಸ ಆಯ್ತು ಜೊಲ್. ಈಗ ಸುಮ್ನೆ ಬೀಸು. ಔಟಾದ್ರೂ ನಂಗೆ ಬೇಜಾರಿಲ್ಲ."

"ನಂಗೆ ಬೇಜಾರಿದೆ" ಎಂದು ಕೈ ಕೊಡವಿಕೊಂಡು ಹೋದ.

ಬೀಸಲಿಲ್ಲ. ಹೊರಗಿನದನ್ನು ಬಿಟ್ಟ, ಮತ್ತೆ ಬಿಟ್ಟ. ಎದುರಾಳಿ ವೇಗಿ ಹತ್ತಿರ ಬಂದು, "ಬ್ಯಾಟ್ ಯಾಕೆ ತಂದೆ, ಊರುಗೋಲಿಗಾ?" ಎಂದ. ಜೊಲಿಲೆ ಮುಂದಿನದನ್ನೂ ಬಿಟ್ಟ. ಕಾಲಿನ ಮೇಲೆ ಬಂದದ್ದನ್ನು ಮಾತ್ರ ತಿರುಗಿಸಿ ರನ್ ಓಡಿದ. ಅವನಿಗೆ ಅವಸರವಿರಲಿಲ್ಲ, ಒಳಗೆ ಬೆಂಕಿಯಿತ್ತು, ಅವಸರವಿರಲಿಲ್ಲ. ಊಟದ ವಿರಾಮಕ್ಕೆ ಮುಂಚೆ ಹನ್ನೆರಡನೇ ಆಟಗಾರ ಕೈಗವಸಿನ ನೆಪ ಮಾಡಿಕೊಂಡು ಓಡಿ ಬಂದ.

"ಕೋಚ್ ಬೇಗ ಆಡು ಅಂತಿದಾರೆ. ರಯಾನ್ ಕಾಯ್ತಿದಾನಂತೆ."

"ರಯಾನ್‌ಗೆ ಇನ್ನೊಂದು ಕಾಫಿ ಕೊಡಿಸೋಕೆ ಹೇಳು."

ಚಹಾ ವಿರಾಮದ ನಂತರ, ಎಂಬತ್ತಮೂರಕ್ಕೆ, ದಣಿದ ಕಾಲು ಎಳೆಯಲಾರದೆ ಬೌಲ್ಡ್ ಆದ. ಜನ ಎದ್ದು ನಿಂತು ಹಾಡಿದರು. ಒಳಗೆ ಬ್ರೀಟ್ ಬೆನ್ನು ತಟ್ಟಿ, "ಅಬ್ಬಾ, ಏನು ಬಲವೋ ನಿನ್ನದು!" ಎಂದ.

ಇಡೀ ದಿನ ಚೆಂಡು ಬಿಟ್ಟವನ ಬಲ! ಜೊಲಿಲೆ ಹೆಲ್ಮೆಟನ್ನು ಚೀಲದೊಳಕ್ಕೆ ಜೋರಾಗಿ ಎಸೆದ.

ಮುಂದಿನ ಪಂದ್ಯಕ್ಕೆ ಅವನ ಜಾಗ ಎಂಟು. ನೆಟ್ಸ್‌ನಲ್ಲಿ ಸರದಿ ಕೊನೆಯದೇ. ಅವನು ನೇರ ಬ್ರೀಟ್‌ನ ಕೋಣೆಗೆ ಹೋದ.

"ನಾಳೆಯಿಂದ ಮೊದಲು ನಾನು ಬ್ಯಾಟ್ ಮಾಡ್ತೀನಿ. ಆಮೇಲೆ ನಿಮ್ಮವರಿಗೆ ಬೌಲ್ ಮಾಡ್ತೀನಿ."

"ಬೆದರಿಸ್ತಿದ್ದೀಯಾ?"

"ನನ್ನ ಸರದಿ ಕೇಳ್ತಿದ್ದೀನಿ."

ತಂಡದಿಂದ ಕಿತ್ತರು. ಮನೋಭಾವ ಸರಿಯಿಲ್ಲ ಎಂದು ಪತ್ರಿಕೆಗಳಲ್ಲಿ ಬಂತು. ಊರಲ್ಲಿ ಕೆಲವರು, "ಬಾಯಿ ಮುಚ್ಕೊಂಡಿದ್ದಿದ್ರೆ ಆಗ್ತಿರ್ಲಿಲ್ವಾ" ಎಂದು ಲೊಚಗುಟ್ಟಿದರು. ನೊಮಲಿಜೊ ಅವರ ಬಾಯಿ ಮುಚ್ಚಿಸಿದಳು. ಪ್ರಾಂತ್ಯದ ನಾಯಕನಿಗೆ ಬ್ಯಾಟ್ಸ್‌ಮನ್‌ಗಳ ಬರ. ಬೇರೆ ದಾರಿಯಿಲ್ಲದೆ ಜೊಲಿಲೆಯನ್ನು ಐದನೆಯವನಾಗಿ ಇಳಿಸಿದ. ಎರಡು ಬೇಸಿಗೆ ಸಣ್ಣ ಊರುಗಳ ಖಾಲಿ ಮೈದಾನಗಳಲ್ಲಿ ಅವನು ಹಟ ಹಿಡಿದು ಆಡಿದ. ಸಿಟ್ಟೇನೂ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಅದೇ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಅಷ್ಟರಲ್ಲಿ ಬ್ರೀಟ್‌ನ ಅವಧಿ ಮುಗಿದಿತ್ತು. ಹೊಸ ಕೋಚ್ ಫೋನ್ ಮಾಡಿ, "ಎಲ್ಲಿ ಆಡೋಕೆ ಇಷ್ಟ?" ಎಂದು ಕೇಳಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

ಆರನೆಯವನಾಗಿ ಇಳಿದು ಸೆಂಚುರಿಯನ್ ಮೈದಾನದಲ್ಲಿ ನೂರೆಂಟು ಹೊಡೆದ. ಮುಂದಿನ ವಾರ ಊರಿಗೆ ಬಂದಾಗ ಅಡಿಗೆಮನೆಯಲ್ಲಿ ಮೆಕ್ಕೆಜೋಳದ ನುಚ್ಚು ಬೀನ್ಸ್ ಜೊತೆ ಕುದಿಯುತ್ತಿತ್ತು. ಚಿಕ್ಕಪ್ಪ ಫಿಕಿಲೆ ಅಪ್ಪಿಕೊಳ್ಳಲೂ ಇಲ್ಲ, ಕೂರು ಎನ್ನಲೂ ಇಲ್ಲ.

"ಔಟಾದ ಚೆಂಡು ಯಾವುದು ಭೇಲೆ?" ಎಂದು ಕುಲದ ಹೆಸರು ಹಿಡಿದು ಕೇಳಿದ.

"ಹೊರಗಿಂದು, ಚಿಕ್ಕಪ್ಪ."

"ಎಷ್ಟು ಹೊರಗೆ?"

"ಕುರುಡನಿಗೂ ಕಾಣೋ ಅಷ್ಟು" ಎಂದಳು ನೊಮಲಿಜೊ ಒಲೆಯ ಮುಂದಿನಿಂದಲೇ. "ಆಸ್ಪತ್ರೇಲಿ ರೋಗಿಗಳ ಮುಂದೆ ಕಿರುಚಿಬಿಟ್ಟೆ ನಾನು. ನೂರು ಹೊಡೆದ ತಕ್ಷಣ ಬುದ್ಧಿ ಮೇಯೋಕೆ ಹೋಗಿತ್ತಾ?"

"ನನಗೇ ನನ್ನ ಮೇಲೆ ಎಷ್ಟು ಸಿಟ್ಟಿದೆ ಗೊತ್ತಾ ಅಕ್ಕ! ಇನ್ನೂರು ಆಗ್ತಿತ್ತು ಅವತ್ತು, ಇನ್ನೂರು!" ಜೊಲಿಲೆ ಮೂಲೆಯ ಪೊರಕೆ ಕಿತ್ತುಕೊಂಡು ಕಾಲೂರಿ ನಿಂತ. "ಚೆಂಡು ಇಲ್ಲಿ ಬಿತ್ತು. ನನ್ನ ತಲೆ ಇಲ್ಲಿತ್ತು. ಹೀಗೆ ಬಿಟ್ಟಿದ್ರೆ..."

"ಮೊಣಕೈ ಇನ್ನೂ ಮೇಲೆ" ಎಂದ ಚಿಕ್ಕಪ್ಪ.

"ಪಾತ್ರೆ! ನನ್ನ ಪಾತ್ರೆ ಬೀಳಿಸ್ತೀಯ ಕಣೋ!" ಎಂದು ನೊಮಲಿಜೊ ಸೌಟು ಹಿಡಿದೇ ಕೂಗಿದಳು.