ಒಂದು ನೂಲು ಅಗಲದ ಕಾಜ

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಹೊಲಿಗೆಯಕ್ಕ ಗುಂಡುಸೂಜಿಗಳನ್ನು ಎಣಿಸುತ್ತಾಳೆ. ಡಬ್ಬಿಯಲ್ಲಿ ನಲವತ್ತು ಇರಬೇಕು. ಒಂದು ಕಡಿಮೆಯಾದರೂ ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಬಿಡಿಸಿ ತಡವುತ್ತಾಳೆ. ಎಣಿಕೆ ಸರಿಹೋದ ಮೇಲೆ, ದೇವರೇ, ಇವತ್ತು ನನ್ನಿಂದ ಯಾರಿಗೂ ಚುಚ್ಚದಿರಲಿ ಎಂದು ಕಣ್ಣು ಮುಚ್ಚಿ ಹೇಳಿಕೊಂಡು ಮಷೀನಿನ ಮುಂದೆ ಕೂರುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಅಂಗಡಿಯ ಎರಡನೆಯ ಮಷೀನಿನಲ್ಲಿ ಕೂರುವವಳು ರೈಲುಹಳಿಯ ಆಚೆಯಿಂದ ಬರುವ ಹೆಂಗಸು. ಗುಂಡಿ ತೂರುವ ಕಂಡಿಗೆ ಕೈಯಿಂದ ಅಂಚು ಕಟ್ಟಿ ಕಾಜ ಹಾಕುವುದರಲ್ಲಿ ಅವಳಿಗೆ ಅವಳೇ ಸಾಟಿ. ಅದಕ್ಕೇ ಎಲ್ಲರ ಬಾಯಲ್ಲೂ ಕಾಜಮ್ಮ.

ನಿವೃತ್ತರಾದ ಟೀಚರಮ್ಮ ಹಳೆಯ ಗಿರಾಕಿ. ಹೊಲಿಗೆಯಕ್ಕನ ತಾಯಿ ಹಾಸಿಗೆ ಹಿಡಿದಾಗ ಮೂರು ತಿಂಗಳು ದಿನಾ ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತವರು. ಚಿನ್ನದಂಥ ಮನಸ್ಸು, ಹಳಿಯಾಚೆಯವರ ಮಾತು ಬಂದರೆ ಮಾತ್ರ ಆ ಚಿನ್ನ ಕಬ್ಬಿಣ. ಆ ಜನರ ಕೈ ತಮ್ಮ ಬಟ್ಟೆಗೆ ತಾಗಬಾರದು ಎಂದು ಅವರು ಹೇಳಿದಾಗ ಹೊಲಿಗೆಯಕ್ಕ ಆಗಲಿ ಎಂದಿದ್ದಳು. ಹಿರಿಯರು, ಎದುರುತ್ತರ ಯಾಕೆ? ಕಾಜಗಳನ್ನು ಮಾತ್ರ ಕಾಜಮ್ಮನಿಂದಲೇ ಹಾಕಿಸುತ್ತಾ ಬಂದಳು. ಟೀಚರಮ್ಮನ ಕೊಡೆ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕಾಜಮ್ಮ ಯಾರೂ ಹೇಳದೆ ಎದ್ದು, ಅಳತೆ ನೋಡುವ ಪರದೆಯ ಹಿಂದೆ ಹೋಗುತ್ತಿದ್ದಳು. ಐದು ವರ್ಷ ಹೀಗೇ ನಡೆಯಿತು. ಇದಕ್ಕೆ ಹೊಲಿಗೆಯಕ್ಕ ಮನಸ್ಸಿನಲ್ಲೇ ತಾಳ್ಮೆ ಎಂದು ಹೆಸರಿಟ್ಟುಕೊಂಡಿದ್ದಳು.

ಮೊನ್ನೆ ಟೀಚರಮ್ಮ ಚಳಿಗೆಂದು ಹೊಲಿಸಿದ ಉದ್ದ ಕೋಟನ್ನು ತೊಟ್ಟು ನೋಡಲು ಬಂದರು. ನಡುಗುವ ಬೆರಳಿಗೂ ಗುಂಡಿಗಳು ತಾವಾಗಿಯೇ ಕೂತವು. ತಮ್ಮ ಹಳೆಯ ಶಾಲೆಯ ಸಮವಸ್ತ್ರದ ಕೆಲಸಕ್ಕೆ ನಿನ್ನ ಹೆಸರು ಹೇಳುತ್ತೇನೆ ಎಂದರು. ಅದು ಸಿಕ್ಕರೆ ಎರಡೂ ಮಷೀನಿಗೆ ವರ್ಷವಿಡೀ ಬಿಡುವಿಲ್ಲ. ಆಮೇಲೆ ಖಾಲಿ ಮಷೀನಿನ ಕಡೆ ಗಲ್ಲ ತೋರಿಸಿ, "ಆ ಹಳಿಯಾಚೆಯವಳು ಏಳು ಜನ್ಮ ಎತ್ತಿದ್ರೂ ಹೀಗೆ ಕಾಜ ಹಾಕ್ತಾಳಾ?" ಎಂದರು.

ಹೊಲಿಗೆಯಕ್ಕ ನಕ್ಕಳು. ಪರದೆಯ ಹಿಂದೆ ಕತ್ತರಿಯ ಸದ್ದು ನಿಂತಿತು.

ತೋಳು ಗಿಡ್ಡ ಮಾಡಲೆಂದು ಕೋಟು ಬಿಟ್ಟು ಟೀಚರಮ್ಮ ಹೋದ ಮೇಲೆ ಕಾಜಮ್ಮ ಹೊರಗೆ ಬಂದಳು. ಕೋಟನ್ನು ಮಡಿಸುತ್ತಾ ಹೊಲಿಗೆಯಕ್ಕ, ಈ ಸಲದ ಕಾಜ ಕೊಂಚ ಅಗಲವಾಯಿತಲ್ಲ ಎಂದಳು.

"ಬೇಕಂತಲೇ ಒಂದು ನೂಲು ಅಗಲ ಬಿಟ್ಟೆ ಅಕ್ಕ. ಅವರ ಕೈ ನಡುಗುತ್ತೆ. ಪರದೆ ಸಂದಿಯಿಂದ ನೋಡಿದ್ದೆ." ದಾರ ಕಡಿದು, ತಲೆ ಎತ್ತದೆ ಸೇರಿಸಿದಳು, "ಅವರ ಮಾತು ನಂಗೆ ಅಭ್ಯಾಸ. ನೀವು ನಕ್ಕಿದ್ದು ಹೊಸದು."

ಹೊಲಿಗೆಯಕ್ಕನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಮರುದಿನ ಕಾಜಮ್ಮ ಎಂದಿನ ಹೊತ್ತಿಗೇ ಬಂದು ಮಷೀನಿಗೆ ಎಣ್ಣೆ ಬಿಟ್ಟಳು. ಬೈದಿದ್ದರೆ ಹೊಲಿಗೆಯಕ್ಕನ ಎದೆ ಹಗುರಾಗುತ್ತಿತ್ತು. ಡಬ್ಬಿಯಲ್ಲಿ ನಲವತ್ತು ಸೂಜಿಯೂ ಇದ್ದವು. ಪ್ರಾರ್ಥನೆ ಮಾತ್ರ ಬಾಯಿಗೆ ಬರಲಿಲ್ಲ. ಟೀಚರಮ್ಮನಿಗೆ ನಿನ್ನ ಹೆಸರು ಹೇಳಲೇ ಎಂದು ಕಾಜಮ್ಮನನ್ನು ಕೇಳಿದಳು.

"ಹೇಳಿ. ಆದ್ರೆ ಆಮೇಲೆ ನಾನು ಪರದೆ ಹಿಂದೆ ಹೋಗಲ್ಲ."

ಸಂಜೆ ಹೊಲಿಗೆಯಕ್ಕ ತೋಳು ಗಿಡ್ಡ ಮಾಡಿದ ಕೋಟು ಹಿಡಿದು ಟೀಚರಮ್ಮನ ಮನೆಗೆ ಹೋದಳು. ಒಳಗೆ ಕೂತು, ಕೋಟನ್ನು ಮಡಿಲಲ್ಲಿಟ್ಟುಕೊಂಡೇ ಹೇಳಿದಳು: ಐದು ವರ್ಷದ ಕಾಜಗಳೆಲ್ಲ ಕಾಜಮ್ಮನವು, ಹೊಗಳಿಕೆ ಮಾತ್ರ ನಾನು ಕದ್ದದ್ದು. ಅವಳನ್ನು ಪರದೆಯ ಹಿಂದೆ ಕೂರಿಸಿದ್ದರಲ್ಲಿ ನಿಮ್ಮ ತಪ್ಪೆಷ್ಟೋ ನನ್ನದೂ ಅಷ್ಟೇ. ನೂಲು ಅಗಲದ ಮಾತನ್ನೂ ಹೇಳಿದಳು.

ಟೀಚರಮ್ಮ ಕೋಟು ತೆಗೆದುಕೊಂಡು ಒಂದು ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಮುಖ ಕೆಂಪಾಗಿತ್ತು. ನನ್ನ ಕೈ ನಡುಗುವುದು ಮನೆಯವರಿಗೂ ಗೊತ್ತಿಲ್ಲ ಎಂದರು. ಆಮೇಲೆ, ಅವಳು ಹೊಲಿಯುವುದಾದರೆ ಹೊಲಿಯಲಿ ಎಂದು ಒಪ್ಪಿದರು.

"ಸಮವಸ್ತ್ರದ ಕೆಲಸ ನಿಂಗೇ ಕೊಡಿಸ್ತೀನಿ. ಹೆಸರು ಮಾತ್ರ ನಿಂದೇ ಇರ್ಲಿ ಕಣೇ. ಶಾಲೆಯವರು ಏನಂತಾರೋ."

ಅಮ್ಮನ ಹಾಸಿಗೆಯ ಪಕ್ಕ ಕೂತಿದ್ದ ಅದೇ ಮುಖ. ಹೊಲಿಗೆಯಕ್ಕ ಬಗ್ಗಿ ಆ ಕೈಗಳನ್ನು ಹಿಡಿದುಕೊಂಡಳು.

"ಹಾಗಾದ್ರೆ ಆ ಕೆಲಸ ಬೇಡ ಟೀಚರಮ್ಮ. ಕೋಟು ಬಿಗಿ ಅನಿಸಿದ್ರೆ ಅಂಗಡಿಗೆ ಬನ್ನಿ. ಅಳತೆ ಅವಳೇ ತಗೋತಾಳೆ."