ಅಕ್ಕೋರ ಇಪ್ಪತ್ತು ನಿಮಿಷ

ಕಳೆದ ತಿಂಗಳು ವಿದ್ಯಾನಗರದಲ್ಲಿ ಹಳೆ ಸಾಮಾನಿನ ಅಂಗಡಿಯೊಂದರ ಮುಂದೆ ಹೋಗುತ್ತಿದ್ದಾಗ ಟೈಪ್‌ರೈಟರ್ ರಿಬ್ಬನ್ನಿನ ವಾಸನೆ ಮೂಗಿಗೆ ಬಡಿಯಿತು. ಮಸಿ, ಮಷೀನಿನ ಎಣ್ಣೆ, ಒಂದಿಷ್ಟು ತುಕ್ಕು... ಅಲ್ಲೇ ನಿಂತುಬಿಟ್ಟೆ. ಮತ್ತೆ ಇಪ್ಪತ್ತೊಂದರ ಹುಡುಗಿಯಾಗಿ ಅಕ್ಕೋರ ಟೈಪಿಂಗ್ ಕ್ಲಾಸಿಗೆ ಓಡುತ್ತಿದ್ದೇನೆ ಅನ್ನಿಸಿತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮನೆ ಬೈರಿದೇವರಕೊಪ್ಪದಲ್ಲಿ, ಕಾಲೇಜು ವಿದ್ಯಾನಗರದಲ್ಲಿ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೇಳುತ್ತಿತ್ತು. ಆದರೆ ಕೂತು ಬರೆದು ಮುಗಿಸಬೇಕಾದದ್ದು ಒಂದೂ ಮುಗಿಯುತ್ತಿರಲಿಲ್ಲ. ಹಿಂದಿನ ವರ್ಷ, ಪ್ರಯೋಗಗಳನ್ನು ಬರೆದಿಡುವ ಕೆಮಿಸ್ಟ್ರಿ ಜರ್ನಲ್ ಪೂರ್ತಿಯಾಗಿಲ್ಲವೆಂದು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸಲಿಲ್ಲ. ಇಡೀ ವರ್ಷ ಹಾಳಾಯಿತು. ಈ ಸಲವೂ ಇಪ್ಪತ್ತೆರಡು ಪ್ರಯೋಗ ಬರೆಯುವುದಿತ್ತು, ಉಳಿದದ್ದು ಐದೇ ವಾರ. "ತಲಿ ಐತಿ, ಲಕ್ಷ್ಯ ಇಲ್ಲ" ಎನ್ನುವುದು ಅವ್ವನ ದಿನದ ಮಾತು. ಈ ಸಲ ತಪ್ಪಿದರೆ ಕಾಲೇಜು ಬಿಡಿಸುವೆನೆಂದು ಅಪ್ಪ ಹೇಳಿಯಾಗಿತ್ತು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಈ ಅಕ್ಕೋರು ಕಾಲೇಜಿನ ಹಿಂದಿನ ಓಣಿಯಲ್ಲಿ, ತಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಐವತ್ತರ ಆಸುಪಾಸು, ಒಬ್ಬರೇ ಇದ್ದರು. ನಾನು ಅಲ್ಲಿಗೂ ಸೇರಿ ಹದಿನೈದು ದಿನಕ್ಕೆ ಬಿಟ್ಟಿದ್ದೆ. ಮರೆತುಬಂದ ಛತ್ರಿ ತರಲು ಮೂರನೆಯ ಸಲ ಹೋದಾಗ ಅವರು ಛತ್ರಿ ಕೊಡಲಿಲ್ಲ, ಕುರ್ಚಿ ಕೊಟ್ಟರು. ಏನಾಗುತ್ತಿದೆ ಹೇಳು ಎಂದರು. ಜರ್ನಲ್ಲಿನ ಕಥೆ ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಇನ್ನು ಬುದ್ಧಿವಾದ ಶುರುವಾಗುತ್ತದೆಂದು ತಲೆ ತಗ್ಗಿಸಿದೆ.

"ನೀ ಮೈಗಳ್ಳಿ ಅಲ್ಲ, ತಂಗಿ," ಎಂದರು. "ಎಲ್ಲಿಂದ ಶುರು ಮಾಡಬೇಕು ಅನ್ನೂದು ನಿನಗ ಸಿಗವಲ್ತು, ಅಷ್ಟ. ನಾಳಿಂದ ಸಂಜಿ ಐದಕ್ಕ ಬಾ. ಬರಿಯೂದು ನೀನ. ನಾ ಬರೇ ಬಾಜೂ ಕುಂಡ್ರತೇನಿ."

ಮೈಗಳ್ಳಿ ಅಲ್ಲ! ಆ ಮಾತನ್ನು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಅವತ್ತು ಖುಷಿಯಲ್ಲಿ ಛತ್ರಿಯನ್ನು ಮತ್ತೆ ಅಲ್ಲೇ ಬಿಟ್ಟು ಬಂದೆ.

ಮರುದಿನ ಪ್ರತಿಜ್ಞೆ ಮಾಡಿಸುತ್ತಾರೆ, ಗೋಡೆಗೆ ಹಚ್ಚುವಂಥ ದೊಡ್ಡ ವೇಳಾಪಟ್ಟಿ ಬರೆಸುತ್ತಾರೆ ಎಂದುಕೊಂಡು ಹೋದೆ. ಹಾಗೇನೂ ಆಗಲಿಲ್ಲ. ಒಂದು ಪ್ರಯೋಗದ ಹೆಸರನ್ನಷ್ಟೇ ಬರೆಯಲು ಹೇಳಿದರು. ಬರೆದೆ. ಬೇಕಾದ ಸಾಮಾನು ಬರೆ ಎಂದರು. ಬರೆದೆ. ಆಮೇಲೆ ಅಲಾರಾಂ ಗಡಿಯಾರವನ್ನು ಇಪ್ಪತ್ತು ನಿಮಿಷಕ್ಕೆ ತಿರುಗಿಸಿಟ್ಟು ತಾವು ಪಕ್ಕದಲ್ಲಿ ಹುಡುಗಿಯರ ಟೈಪಿಂಗ್ ಹಾಳೆ ತಿದ್ದುತ್ತ ಕೂತರು. ನನ್ನ ಕಡೆ ನೋಡಲೂ ಇಲ್ಲ. ಅವರ ಕೆಂಪು ಪೆನ್ನಿನ ಸದ್ದು ಕಿವಿಗೆ ಬೀಳುತ್ತಿದ್ದರೆ ನನ್ನ ಪೆನ್ನೂ ತಾನಾಗಿ ಓಡುತ್ತಿತ್ತು. ಗಂಟೆ ಹೊಡೆದಾಗ ಎದ್ದು, ನೀರು ಕುಡಿದು, ಗೇಟಿನ ತನಕ ಹೋಗಿ ಬರಬೇಕು, ಮತ್ತೆ ಇಪ್ಪತ್ತು ನಿಮಿಷ. ಹೊರಡುವಾಗ ನೋಡಿದರೆ ಒಂದು ಪ್ರಯೋಗ ಮುಗಿದಿತ್ತು! ಬಸ್ಸಿನಲ್ಲಿ ನಿಂತು, ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಗೆ ಅದನ್ನು ಹೇಳಿದ್ದೆ.

ಎಲ್ಲ ದಿನ ಹಾಗಿರಲಿಲ್ಲ... ಎರಡನೆಯ ವಾರ ನಾಲ್ಕು ದಿನ ತಪ್ಪಿಸಿದೆ. ಐದನೆಯ ದಿನ ಗೇಟಿನ ಹತ್ತಿರ ನಿಂತೆ, ಒಳಗೆ ಹೋಗುವ ಧೈರ್ಯವಿಲ್ಲ. ಅಕ್ಕೋರೇ ಹೊರಗೆ ಬಂದರು.

"ಬೈತೇನಿ ಅಂತ ಹೆದರೀ ಏನ? ಬೈದ್ರ ಜರ್ನಲ್ ತುಂಬತೈತೇನು? ಎಲ್ಲೆ ತಪ್ಪಿತು ಅಷ್ಟ ಹೇಳು."

ಇಬ್ಬರೂ ಕಟ್ಟೆಯ ಮೇಲೆ ಕೂತು ಹುಡುಕಿದೆವು. ಆ ದಿನಗಳಲ್ಲಿ ನಾನು ಕಾಲೇಜಿನಿಂದ ಮನೆಗೆ ಹೋಗಿ, ಚಹಾ ಕುಡಿದು ಬರೋಣವೆಂದು ಕೂತಿದ್ದೆ. ಒಮ್ಮೆ ಕೂತ ಮೇಲೆ ಏಳಲು ಆಗಿರಲಿಲ್ಲ. ಅಂದಿನಿಂದ ಜರ್ನಲ್ ಅವರ ಕಪಾಟಿನಲ್ಲೇ ಉಳಿಯಿತು, ಚಹಾ ಅವರ ಮನೆಯಲ್ಲೇ ಆಯಿತು, ನಾನು ಕಾಲೇಜಿನಿಂದ ನೆಟ್ಟಗೆ ಅಲ್ಲಿಗೇ ಹೋಗತೊಡಗಿದೆ.

ಚಹಾಕ್ಕೆಂದು ಒಳಗೆ ಹೋದಾಗಲೇ ಅವರ ಅಡುಗೆಮನೆ ಕಂಡದ್ದು. ಎಲ್ಲೆಲ್ಲೂ ಚೀಟಿಗಳು. "ಗ್ಯಾಸ್ ಬಂದ್ ಮಾಡು." "ಕೀಲಿ, ಕನ್ನಡಕ, ಚೀಲ." ಇವು ಯಾರಿಗೆ ಅಕ್ಕೋರ ಎಂದು ಕೇಳಿದೆ.

"ನನಗ," ಎಂದು ನಕ್ಕರು. "ನಂದೂ ನಿನ್ನಂಥದ ತಲಿ. ಸಾಲ್ಯಾಗ ಭಾಳ ಹೊಡಿಸಿಕೊಂಡೇನಿ."

ಇಪ್ಪತ್ತೆರಡನೆಯ ಪ್ರಯೋಗ ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಮುಗಿಯಿತು. ಜರ್ನಲ್ಲಿಗೆ ಸಹಿ ಬಿದ್ದ ಕೂಡಲೇ ಓಣಿಯುದ್ದಕ್ಕೂ ಓಡಿದೆ. ಕ್ಲಾಸು ನಡೆದಿತ್ತು, ಆದರೂ ಅಕ್ಕೋರು ಎಲ್ಲ ಮಷೀನು ನಿಲ್ಲಿಸಿ, "ನೋಡ್ರೆವಾ, ಈಕಿ ಮುಗಿಸಿದ್ಲು!" ಎಂದು ಕೂಗಿದರು. ನಾನು ಪಾಸಾದೆ. ಮುಂದೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕೂ ಸೇರಿದೆ.

ಹತ್ತು ವರ್ಷದ ಮೇಲೆ ಪತ್ರಿಕೆಯೊಂದರಲ್ಲಿ ಎಡಿಎಚ್‌ಡಿ ಎಂಬ ಪದವನ್ನು ಮೊದಲ ಸಲ ಓದಿದೆ. ತಲೆ ಇದ್ದರೂ ಲಕ್ಷ್ಯ ನಿಲ್ಲದ, ಕೆಲಸ ಶುರು ಮಾಡಲು, ಮುಗಿಸಲು ಒದ್ದಾಡುವ ಸ್ಥಿತಿಗೆ ಆ ಹೆಸರು. ಅಂಥವರಿಗೆಂದೇ ತರಬೇತುದಾರರಿರುತ್ತಾರಂತೆ. ಅವರು ಔಷಧಿ ಕೊಡುವುದಿಲ್ಲ, ನಮ್ಮ ಕೆಲಸ ಮಾಡಿಕೊಡುವುದೂ ಇಲ್ಲ. ಕೆಲಸವನ್ನು ತುಂಡು ಮಾಡಲು ಕಲಿಸುತ್ತಾರೆ, ಜೊತೆಗೆ ಕೂರುತ್ತಾರೆ, ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುತ್ತಾರೆ... "ಅಯ್ಯ, ಇವರು ನಮ್ಮ ಅಕ್ಕೋರು!" ಎಂದು ಎದ್ದು ನಿಂತುಬಿಟ್ಟೆ. ಆಮೇಲೆ ಡಾಕ್ಟರಿಗೂ ತೋರಿಸಿದೆ, ನನ್ನದು ಅದೇ ಎಂದರು. ಆದರೆ ಅದಕ್ಕೂ ಮೊದಲು, ಆ ಭಾನುವಾರವೇ, ಪತ್ರಿಕೆ ಹಿಡಿದುಕೊಂಡು ಅಮ್ಮಿನಬಾವಿಯ ಬಸ್ಸು ಹತ್ತಿದೆ. ಕ್ಲಾಸು ಮುಚ್ಚಿದ ಮೇಲೆ ಅಕ್ಕೋರು ಅಲ್ಲಿ ತಮ್ಮನ ಮನೆಯಲ್ಲಿದ್ದಾರೆಂದು ತಿಳಿದಿತ್ತು. ಹೋಗಬೇಕು, ಹೋಗಬೇಕು ಎಂದು ವರ್ಷಗಟ್ಟಲೆ ಮುಂದೂಡಿದ್ದೆ.

ಬಾಗಿಲಿಗೆ ಬಂದವರು ಅವರ ತಮ್ಮ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು ಎಂದರು. ನಾನು ಯಾಕೆ ಬಂದೆನೆಂದು ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

"ನಮ್ಮಕ್ಕ ಭಾಳ ಮರಗುಳಿ ಇದ್ಲರಿ. ಆಕಿ ನಿಮಗ ಇದನ್ನ ಕಲಿಸಿದ್ಲಾ?"

ನಾನು ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಹೇಳತೊಡಗಿದೆ, ಕೈ ಬೀಸಿ, ಅಳುತ್ತ, ನಗುತ್ತ. ನಡುವೆ ಅವರು ಒಮ್ಮೆ ನನ್ನನ್ನು ತಡೆದರು. "ಸ್ವಲ್ಪ ತಡೀರಿ," ಎಂದು ಒಳಗೆ ಹೋಗಿ ಹೆಂಡತಿಯನ್ನೂ ಮಕ್ಕಳನ್ನೂ ಕರೆತಂದು ಕೂರಿಸಿದರು. "ಈಗ ಮೊದಲಿಂದ ಹೇಳ್ರಿ."

ಮೊದಲಿನಿಂದ ಹೇಳಿದೆ. ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಈಗ ಜರ್ನಲ್ ಬರೆಯಲಾಗದ ಹುಡುಗಿಯರು ಶನಿವಾರ ಮಧ್ಯಾಹ್ನ ನನ್ನ ಹತ್ತಿರ ಬಂದು ಕೂರುತ್ತಾರೆ, ಅವರಿಗೂ ಹೇಳುತ್ತೇನೆ. ಪ್ರತಿ ಸಲವೂ ಅದೇ ಸಡಗರ ಉಕ್ಕಿ ಬರುತ್ತದೆ. ಆದರೆ ಅಕ್ಕೋರ ಎದುರು ಕೂತು, ನೀವು ನನಗೆ ಮಾಡಿದ್ದು ಇದು ಎಂದು ಒಂದು ಸಲವೂ ಹೇಳಲಿಲ್ಲ...