ಯಾರು ಹೇಳಿದ್ರು?

ನನ್ನ ಟ್ಯೂಷನ್ನಿಗೆ ಹೆಸರಿನ ಬೋರ್ಡಿಲ್ಲ. ಮತ್ತಿಕೆರೆಯ ಹಿಟ್ಟಿನ ಗಿರಣಿಯ ಮೇಲಿನ ಈ ಕೋಣೆ ತುಂಬಿದ್ದು ಒಬ್ಬರು ಇನ್ನೊಬ್ಬರಿಗೆ ಹೇಳಿಯೇ. ಹೊಸಬರು ಯಾರೇ ಬರಲಿ, ಮಗುವಿನ ಹೆಸರಿಗಿಂತ ಮೊದಲು ಕೇಳುತ್ತೇನೆ, "ಯಾರು ಹೇಳಿದ್ರು?" ಹೇಳಿದವರಿಗೆ ಅಂದೇ ಫೋನ್ ಮಾಡಿ ಥ್ಯಾಂಕ್ಸ್ ಹೇಳುವುದು ನನ್ನ ಪದ್ಧತಿ.

ಆಗೆಲ್ಲ ಹೆಚ್ಚಿನವರ ಉತ್ತರ ಒಂದೇ: "ಮಂಡಿಯವ್ರು." ಯಶವಂತಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಆತ ನಮ್ಮ ಬೀದಿಯ ದೊಡ್ಡ ಮನುಷ್ಯ. ಅವನ ಮಗಳು ನನ್ನ ಹತ್ತನೇ ಕ್ಲಾಸಿನ ಬ್ಯಾಚಿನಲ್ಲಿದ್ದಳು. ಮಾತು ಕಡಿಮೆ, ಲೆಕ್ಕ ಚುರುಕು. ಇಂಜಿನಿಯರ್ ಆಗುವ ಆಸೆಯನ್ನು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು.

ಪ್ರಿಪರೇಟರಿ ಪರೀಕ್ಷೆಯನ್ನು ಜ್ವರದಲ್ಲೇ ಬರೆದು ಗಣಿತದಲ್ಲಿ ಫೇಲಾದಳು. ಮಾರ್ಕ್ಸ್ ಬಂದ ದಿನ ಸಂಜೆ ಅವಳಪ್ಪ ಚಪ್ಪಲಿಯನ್ನೂ ಬಿಡದೆ ಕ್ಲಾಸಿಗೆ ನುಗ್ಗಿದ. ಏನು ಎನ್ನುವಷ್ಟರಲ್ಲಿ ಮಗಳ ಜಡೆ ಹಿಡಿದೆಳೆದು ತಲೆಯನ್ನು ಗೋಡೆಗೆ ಬಡಿದ. ಸೊಂಟದ ಬೆಲ್ಟು ಕಳಚಿದ. ಮೊದಲ ಏಟು ಬೆನ್ನಿಗೆ, ಮುಂದಿನದು ಮುಖ ಮುಚ್ಚಿಕೊಂಡ ಕೈಗಳಿಗೆ. ಬಕಲ್ ತಗುಲಿ ಬೆರಳ ಗೆಣ್ಣು ಒಡೆದು ರಕ್ತ ಚಾಪೆಗೆ ಬಿತ್ತು. ಕೆಳಗೆ ಗಿರಣಿ ಓಡುತ್ತಿತ್ತು, ಅವಳ ಕೂಗು ಬೀದಿಗೆ ಕೇಳಿಸಲೇ ಇಲ್ಲ.

"ಎಲ್ರೂ ನೋಡ್ಲಿ! ಮಂಡಿಯವ್ನ ಮಗ್ಳು ಫೇಲು ಅಂತ ನಾಳೆ ಮಾರ್ಕೆಟ್ಟೆಲ್ಲ ಆಡ್ಕೊಳತ್ತೆ!"

ನನಗೆ ಮೂಗಿನ ತುದಿಯಲ್ಲೇ ಕೋಪ. ಕೈಯಲ್ಲಿದ್ದ ಮರದ ಡಸ್ಟರಿನಿಂದ ಅವನ ಮೊಣಕೈಗೆ ಬೀಸಿ ಹೊಡೆದೆ. ಬೆಲ್ಟು ಬಿತ್ತು. ಅವನು ನನ್ನ ಕೆನ್ನೆಗೆ ಬಾರಿಸಿದ, ತುಟಿ ಹರಿಯಿತು. ನಾನು ಇನ್ನೊಂದು ಕೊಟ್ಟೆ, ಈ ಸಲ ಮೂಗಿಗೆ. ಇವತ್ತಿಗೂ ಪಶ್ಚಾತ್ತಾಪವಿಲ್ಲ.

"ನಾನ್ ಬೆಳೆಸಿದ್ ಟ್ಯೂಷನ್ ಇದು. ನಾಳೆಯಿಂದ ಒಂದ್ ನರಪಿಳ್ಳೆ ಈ ಮೆಟ್ಲು ಹತ್ತಲ್ಲ, ನೋಡ್ತಿರು," ಎಂದು ಮೂಗಿನ ರಕ್ತ ಒರೆಸಿಕೊಂಡು ಮಗಳನ್ನು ದರದರ ಎಳೆದುಕೊಂಡು ಹೋದ.

ಹೇಳಿದಂತೆಯೇ ಮಾಡಿದ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರುವುದು ನಿಂತಿತು. ಅದಕ್ಕಿಂತ ಅವಳ ಚಿಂತೆಯೇ ನನ್ನನ್ನು ತಿನ್ನುತ್ತಿತ್ತು. ಅವಳನ್ನು ಸ್ಕೂಲು ಬಿಡಿಸಿದ್ದರು. ಮನೆಗೆ ಹೋದರೆ ಗೇಟು ತೆಗೆಯಲಿಲ್ಲ.

ರಜೆ ಮುಗಿದ ಮೇಲೆ ಒಬ್ಬ ತಾಯಿ ಮಗಳೊಂದಿಗೆ ಬಂದರು. ಹುಡುಗಿಯ ತೋಳಿನ ಮೇಲೆ ಬಾಸುಂಡೆ. ಅಭ್ಯಾಸದಂತೆ ಕೇಳಿದೆ, "ಯಾರು ಹೇಳಿದ್ರು?"

"ಮಂಡಿಯವ್ರ ಮಗ್ಳು ಮಿಸ್. ಬಟ್ಟೆ ಒಣಗ್ಹಾಕ್ತಾ ಪಕ್ಕದ್ ಮಹಡಿಯಿಂದ ಹೇಳ್ತು. ಅಲ್ಲಿಗ್ ಕಳ್ಸಿ ಆಂಟಿ, ಆ ಮಿಸ್ ಹೊಡಿಯೋಕ್ ಬಿಡಲ್ಲ ಅಂತ."

ಅದೇ ವಾರ ಇನ್ನೊಬ್ಬರು ಬಂದರು, ಆಮೇಲೆ ಮತ್ತೊಬ್ಬರು. ಎಲ್ಲರೂ ಹೇಳಿದ್ದು ಅವಳ ಹೆಸರನ್ನೇ. ಈಗ ಕೋಣೆ ಸಾಲದೆ ಮೆಟ್ಟಿಲ ಮೇಲೂ ಚಾಪೆ ಹಾಸುತ್ತೇನೆ. ಅವಳು ಮಾತ್ರ ಬರಲಿಲ್ಲ.

ಥ್ಯಾಂಕ್ಸ್ ಹೇಳಲು ನನ್ನ ಹತ್ತಿರ ಇರುವುದು ಅವಳಪ್ಪನ ನಂಬರ್ ಒಂದೇ. ಮಾಡಿದರೆ ಏಟು ಬೀಳುವುದು ಅವಳಿಗೆ.